ಹೊಲಿಯುವ ಮಷಿನ್‌ಗೆ ಹೊಸ ಬಣ್ಣ ಬೇಡ

(ಕಲಬುರಗಿಯಲ್ಲಿ ಹೊಲಿಗೆ ಕಲಿಯುತ್ತಿರುವವರು, ಟೈಲರ್‌ಗಳು ಮತ್ತು ಬಡಗಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಈ ಮೇಜಿನ ಮೇಲೆ ಎರಡು ಮಷಿನ್ ಇಟ್ಟಿದ್ದೇನೆ. ಎರಡೂ ಹಳೆಯವು, ಎರಡೂ ಒಂದೇ ನಮೂನೆಯವು. ಎಡಗಡೆಯದು ಹೊಸದರ ಹಾಗೆ ಹೊಳೆಯುತ್ತಿದೆ. ಕಪ್ಪು ಬಣ್ಣ ಹೊಡೆದು, ಚಿನ್ನದ ಬಣ್ಣದ ಸ್ಟಿಕ್ಕರ್ ಅಂಟಿಸಿದ್ದಾರೆ. ಬಲಗಡೆಯದರ ಬಣ್ಣ ಅಲ್ಲಲ್ಲಿ ಸವೆದಿದೆ. ಸೂಜಿಯ ಮುಂದೆ ಬೂದು ಕಬ್ಬಿಣವೇ ಕಾಣುತ್ತಿದೆ. ಮುಂದಿನ ಸಾಲಿನ ಅಕ್ಕಾವ್ರು ಯಾರಾದರೂ ಬಂದು ಎರಡರ ಚಕ್ರವನ್ನೂ ಒಂದೇ ಬೆರಳಿನಿಂದ ತಿರುಗಿಸಿ ನೋಡಿ.

ನೋಡಿದಿರಲ್ಲ? ಹೊಳೆಯುವುದು ಅಲುಗಲೇ ಇಲ್ಲ. ಸವೆದದ್ದು ಒಂದು ಬೆರಳಿಗೇ ತಿರುಗಿತು.

ಬಣ್ಣ ಹೊಡೆದವರು ಎಣ್ಣೆ ಬಿಡುವ ತೂತುಗಳ ಮೇಲೂ ಹೊಡೆದಿದ್ದಾರೆ. ಸ್ಕ್ರೂ ತಲೆಯ ಗೀರುಗಳಲ್ಲಿ ಬಣ್ಣ ತುಂಬಿದೆ, ಬಿಚ್ಚೋಣ ಅಂದರೆ ಸ್ಕ್ರೂಡ್ರೈವರ್ ಕೂರುವುದಿಲ್ಲ. ಒಳಗಿನ ಹಳೆ ಎಣ್ಣೆ ಹಾಗೇ ಗಟ್ಟಿಯಾಗಿ ಕೂತಿದೆ. ಇಂಥ ಮಷಿನ್‌ಗಳನ್ನು ಈಗ ಆಂಟಿಕ್ ಅಂತ ದುಬಾರಿ ಬೆಲೆಗೆ ಮಾರುತ್ತಾರೆ. ಕೊಂಡವರ ಮನೆಯ ಹಾಲ್‌ನಲ್ಲಿ ಅದು ಹೂದಾನಿ ಪಕ್ಕ ಕೂರುತ್ತದೆ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಹೊಲಿಗೆ ಮಷಿನ್ ಮೊದಲು ಹೊಲಿಯಬೇಕು. ಅದಕ್ಕೆ ಎಷ್ಟು ಬೇಕೋ ಅಷ್ಟು ಕೈ ಹಾಕಿ, ಜಾಸ್ತಿ ಬೇಡ. ಅದರ ಕೆಳಗಿನ ಕಬ್ಬಿಣದ ಸ್ಟ್ಯಾಂಡು, ಮರದ ಟೇಬಲ್ಲು, ಮೇಲೆ ಮುಚ್ಚುವ ಡಬ್ಬಿ ಕೂಡ ಮಷಿನ್‌ನ ಭಾಗಗಳೇ. ಅವನ್ನು ಒಂದರಿಂದ ಒಂದು ಅಗಲಿಸಬೇಡಿ.

ಈಗ ನಮ್ಮ ಮನೆಗಳಲ್ಲಿ ಏನೇನು ಇದೆ ನೋಡೋಣ. ಕಲಬುರಗಿ, ಬೀದರ್, ಯಾದಗಿರಿ ಎಲ್ಲ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಕಾಲದ ಸಿಂಗರ್ ಮಷಿನ್‌ಗಳು ಇನ್ನೂ ನಮ್ಮ ಕಡೆ ಅಟ್ಟದ ಮೇಲೆ, ಕಾಳಿನ ಚೀಲಗಳ ಹಿಂದೆ ಸಿಗುತ್ತವೆ. ಅಮೆರಿಕದ ಐಸಾಕ್ ಸಿಂಗರ್ ತನ್ನ ಮಷಿನ್‌ಗೆ ಪೇಟೆಂಟ್ ಪಡೆದದ್ದು 1851ರಲ್ಲಿ. ಅದಕ್ಕೂ ಐದು ವರ್ಷ ಮೊದಲೇ, 1846ರಲ್ಲಿ, ಎಲಿಯಾಸ್ ಹೋವ್ ಎಂಬುವವನು ಎರಡು ದಾರದ ಹೊಲಿಗೆ ಹಾಕುವ ಮಷಿನ್‌ಗೆ ಪೇಟೆಂಟ್ ತೆಗೆದುಕೊಂಡಿದ್ದ. ಆದರೆ ಮನೆ ಮನೆಗೆ ಹೋಗಿದ್ದು ಸಿಂಗರ್ ಹೆಸರು. ಕಾರಣ, ಅವರು ಕಂತಿನ ಮೇಲೆ ಮಾರಿದರು. ಒಂದೇ ಸಲ ದುಡ್ಡು ಕೊಡಲಾಗದ ದರ್ಜಿಗಳೂ ಮಷಿನ್ ಮನೆಗೆ ತಂದರು.

ನಿಮ್ಮ ಮನೆಯಲ್ಲಿ ಸಿಂಗರ್ ಇದ್ದರೆ, ಬಲಗಡೆ ಕಂಬದ ಬುಡದಲ್ಲಿ ಕೆತ್ತಿರುವ ನಂಬರ್ ನೋಡಿ. 1900ರ ನಂತರದ ನಂಬರ್‌ಗಳಿಗೆ ಮುಂದೆ ಒಂದೋ ಎರಡೋ ಇಂಗ್ಲಿಷ್ ಅಕ್ಷರ ಇರುತ್ತದೆ. ಮಷಿನ್ ಯಾವ ಕಾರ್ಖಾನೆಯದು, ಯಾವ ಕಾಲದ್ದು ಅಂತ ಆ ಅಕ್ಷರ ಹೇಳುತ್ತದೆ. ಜಿ ಇದ್ದರೆ ಅಮೆರಿಕದ ನ್ಯೂಜೆರ್ಸಿಯ ಎಲಿಜಬೆತ್ ಊರಿನದು. ಎಫ್, ಜೆ, ವೈ ಇದ್ದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನದು. ವೈ ಅಂದರೆ 1920ರ ದಶಕ, 1930ರ ದಶಕದ ಮೊದಲ ಭಾಗ. ಇ ಅಕ್ಷರದ ಜೊತೆ ಇನ್ನೊಂದು ಅಕ್ಷರ ಇದ್ದರೆ ಅದರ ಮುಂದಿನ ಕಾಲದ್ದು.

ಕ್ಲೈಡ್‌ಬ್ಯಾಂಕ್ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಬಡಗಿಗಳು ಇದ್ದೀರಿ ಅಂತ. ಅಲ್ಲಿ ಕಬ್ಬಿಣದ ಕೆಲಸ ನಡೆದ ಹಾಗೆಯೇ ಮರದ ಕೆಲಸವೂ ನಡೆಯುತ್ತಿತ್ತು. ಟೇಬಲ್ಲು, ಡಬ್ಬಿ ಮಾಡಲು ಮರದ ದಿಮ್ಮಿ, ಹಲಗೆಗಳ ದೊಡ್ಡ ರಾಶಿಯೇ ಇತ್ತು. ಎರಡನೇ ಮಹಾಯುದ್ಧದಲ್ಲಿ, 1941ರ ಮಾರ್ಚ್‌ನಲ್ಲಿ, ಜರ್ಮನಿಯ ವಿಮಾನಗಳು ಆ ಊರಿನ ಮೇಲೆ ಬಾಂಬ್ ಹಾಕಿದಾಗ ಆ ಮರದ ಅಂಗಳಕ್ಕೆ ಬೆಂಕಿ ಬಿತ್ತು. ಕಾರ್ಖಾನೆ ಆಮೇಲೂ ನಡೆದು 1980ರಲ್ಲಿ ಮುಚ್ಚಿತು. ಪಕ್ಕದ ರೈಲ್ವೆ ಸ್ಟೇಷನ್ನಿಗೆ ಇವತ್ತಿಗೂ ಸಿಂಗರ್ ಅಂತಲೇ ಹೆಸರು. ನಮ್ಮಲ್ಲಿ ಎಂ.ಎಸ್.ಕೆ. ಬಟ್ಟೆ ಮಿಲ್ ಮುಚ್ಚಿ ಎಷ್ಟು ಕಾಲ ಆದರೂ ಆ ಏರಿಯಾಕ್ಕೆ ಅದೇ ಹೆಸರು ಉಳಿದಿದೆ, ಅಲ್ವಾ?

ಇನ್ನೊಂದು ಬಗೆ ನಮ್ಮ ದೇಶದ ಮಷಿನ್‌ಗಳು. ಕೋಲ್ಕತ್ತಾದ ಜಯ್ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಉಷಾ ಶುರು ಮಾಡಿತು. ಆಮೇಲೆ ಲುಧಿಯಾನದಲ್ಲಿ ಎಷ್ಟೋ ಕಂಪನಿಗಳು ಹುಟ್ಟಿದವು. ಇವುಗಳಲ್ಲಿ ಬಹಳಷ್ಟು ಸಿಂಗರ್‌ನ 15ನೇ ಕ್ಲಾಸ್ ಅನ್ನುವ ನಮೂನೆಯನ್ನು ನೋಡಿಯೇ ಮಾಡಿದವು. ಅದು ನಮಗೆ ದೊಡ್ಡ ಅನುಕೂಲ. ಕೆಳ ದಾರದ ಉರುಳೆಯಾದ ಬಾಬಿನ್, ಅದನ್ನು ಹಿಡಿಯುವ ಬಾಬಿನ್ ಕೇಸ್, ಮೇಲಿನ ದಾರವನ್ನು ಕೆಳ ದಾರಕ್ಕೆ ಸಿಕ್ಕಿಸುವ ಶಟಲ್, ಸೂಜಿ ಎಲ್ಲ ಒಂದರದು ಇನ್ನೊಂದಕ್ಕೆ ಕೂರುತ್ತವೆ. ಎಂಬತ್ತು ವರ್ಷದ ಮಷಿನ್‌ಗೂ ಇವತ್ತು ನಮ್ಮ ಊರಿನ ಪೇಟೆಯಾದ ಸೂಪರ್ ಮಾರ್ಕೆಟ್‌ನಲ್ಲಿ ಸಾಮಾನು ಸಿಗುತ್ತದೆ. ಇಷ್ಟು ಹಳೆಯದಾಗಿಯೂ ಸಾಮಾನು ಸಿಗುವ ವಸ್ತು ನಿಮ್ಮ ಮನೆಯಲ್ಲಿ ಇನ್ನೊಂದು ಇದೆಯಾ, ಯೋಚಿಸಿ ನೋಡಿ.

ಇನ್ನೊಂದು ಹಳೆಯ ನಮೂನೆ ಇದೆ. ಅದರಲ್ಲಿ ಬಾಬಿನ್ ದುಂಡಗಿರುವುದಿಲ್ಲ, ಬೆರಳಿನಷ್ಟು ಉದ್ದ ಇರುತ್ತದೆ. ದೋಣಿಯಂಥ ಶಟಲ್ ಒಳಗೆ ಕೂತು ಹಿಂದೆ ಮುಂದೆ ಆಡುತ್ತದೆ. 27, 28 ನಂಬರಿನ ಸಿಂಗರ್‌ಗಳು ಅಂಥವು. ಇವು ಸಿಕ್ಕರೆ ಶಟಲ್ ಮತ್ತು ಉದ್ದ ಬಾಬಿನ್ ಇದೆಯಾ ಅಂತ ಮೊದಲು ನೋಡಿ. ಅವು ಕಳೆದರೆ ನಮ್ಮ ಪೇಟೆಯಲ್ಲಿ ಸಿಗುವುದು ಕಷ್ಟ. ಡ್ರಾಯರ್‌ನ ಮೂಲೆ, ಹಳೆ ಗುಂಡಿ ಡಬ್ಬಿ, ಎಲ್ಲ ಹುಡುಕಿ. ಎಷ್ಟೋ ಸಲ ಅಲ್ಲೇ ಇರುತ್ತವೆ.

ನನಗೆ ಸಂಕಟ ಆಗುವ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈಗ ಗುಜರಿಯವರು ಹಳ್ಳಿ ಹಳ್ಳಿ ಸುತ್ತಿ ಕಾಲಲ್ಲಿ ತುಳಿಯುವ ಮಷಿನ್ ಕೊಳ್ಳುತ್ತಿದ್ದಾರೆ. ಸ್ಟ್ಯಾಂಡು ಹೋಟೆಲಿನವರಿಗೆ ಹೋಗುತ್ತದೆ. ಅದರ ಮೇಲೆ ಗ್ರಾನೈಟ್ ಹಾಕಿ ಚಹಾ ಟೇಬಲ್ ಮಾಡುತ್ತಾರೆ. ಮರದ ಟೇಬಲ್ ಒಲೆಗೆ ಹೋಗುತ್ತದೆ. ಮಷಿನ್‌ನ ತಲೆ, ಅಂದರೆ ಹೊಲಿಯುವ ಮೇಲಿನ ಭಾಗ, ತೂಕದ ಲೆಕ್ಕದಲ್ಲಿ ಭಟ್ಟಿಗೆ. ಒಂದು ಮನೆಯಲ್ಲಿ ಮೂರು ತಲೆಮಾರು ಲಂಗ, ಕುಪ್ಪಸ, ಶಾಲೆ ಅಂಗಿ ಹೊಲಿದ ಮಷಿನ್ ಮೂರು ಕಡೆ ಚೂರಾಗುತ್ತದೆ. ಮಾರಿದವರಿಗೆ ಸಿಗುವುದು ಒಂದು ತಿಂಗಳ ಕಿರಾಣಿ ಖರ್ಚೂ ಅಲ್ಲ. ದಯವಿಟ್ಟು ಮಾರುವ ಮುಂಚೆ ಒಂದು ಸಲ ಯಾರಾದರೂ ಬಲ್ಲವರಿಗೆ ತೋರಿಸಿ. ಹತ್ತರಲ್ಲಿ ಎಂಟು ಮಷಿನ್‌ಗೆ ಬೇಕಾಗಿರುವುದು ಎಣ್ಣೆ ಮತ್ತು ಒಂದು ದಿನದ ಕೆಲಸ ಮಾತ್ರ, ನನ್ನ ಅಂದಾಜಿನಲ್ಲಿ.

ಈಗ ಕೆಲಸಕ್ಕೆ ಬರೋಣ. ರಿಪೇರಿಗೆ ನನ್ನ ಹತ್ತಿರ ಬರುವವರು ಹೇಳುವ ಮೊದಲ ಮಾತು, ‘ಕಾಕಾ, ಮಿಷನ್ ಭಾಳ ಭಾರ ಆಗ್ಯದ್ರಿ.’ ಭಾರ ಆಗಿದ್ದು ಯಾವುದು? ಅದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. ಬೆಲ್ಟ್ ಕಳಚಿ. ಈಗ ಕಾಲಿನಿಂದ ಪೆಡಲ್ ತುಳಿಯಿರಿ. ಕೆಳಗಿನ ದೊಡ್ಡ ಚಕ್ರ ಸಲೀಸಾಗಿ ಸುತ್ತಿದರೆ ಸ್ಟ್ಯಾಂಡ್ ಸರಿ ಇದೆ, ತೊಂದರೆ ತಲೆಯಲ್ಲಿದೆ. ಚಕ್ರವೇ ಬಿಗಿ ಇದ್ದರೆ ತಲೆಯನ್ನು ಮುಟ್ಟಲೇಬೇಡಿ, ಕೆಳಗೆ ಕೂತುಕೊಳ್ಳಿ. ಪೆಡಲ್ಲಿನ ಎರಡು ತುದಿ, ಚಕ್ರದ ನಡುವಿನ ಅಚ್ಚು, ಪೆಡಲ್ ಮತ್ತು ಚಕ್ರವನ್ನು ಸೇರಿಸುವ ಉದ್ದ ಕೋಲಿನ ಎರಡು ತುದಿ. ಇಲ್ಲೆಲ್ಲ ಕೂದಲು, ದಾರ ಸುತ್ತಿಕೊಂಡಿರುತ್ತದೆ. ಬ್ಲೇಡಿನಿಂದ ಕತ್ತರಿಸಿ ತೆಗೆದು ಎಣ್ಣೆ ಬಿಡಿ. ಟಕ್ ಟಕ್ ಅಂತ ಸದ್ದು ಬಂದರೆ ಅಲ್ಲಿನ ಕೋನ್ ಸ್ಕ್ರೂ ಸಡಿಲ ಆಗಿದೆ. ನಟ್ ಬಿಚ್ಚಿ, ಸ್ಕ್ರೂ ಸ್ವಲ್ಪ ಬಿಗಿ ಮಾಡಿ, ಮತ್ತೆ ನಟ್ ಬಿಗಿಯಿರಿ. ಜಾಸ್ತಿ ಬಿಗಿದರೆ ಮತ್ತೆ ಭಾರ ಆಗುತ್ತದೆ.

ಬೆಲ್ಟ್ ಕೂಡ ಹಾಗೆಯೇ. ಹೊಸ ಚರ್ಮದ ಬೆಲ್ಟ್ ಹಾಕಿದ ಮೇಲೆ ಮಷಿನ್ ಭಾರ ಆಯಿತು ಅಂತ ಬರುವವರು ಬಹಳ. ಬೆಲ್ಟ್ ಬಿಗಿ ಇದ್ದಷ್ಟೂ ಒಳ್ಳೆಯದು ಅಂತ ತಿಳಿದಿರುತ್ತಾರೆ. ಜಾರದೆ ಎಳೆದರೆ ಸಾಕು. ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಗ್ಗಬೇಕು.

ತೊಂದರೆ ತಲೆಯಲ್ಲೇ ಇದ್ದರೆ ಅಲ್ಲೂ ಇದೇ ರೀತಿ ಒಂದೊಂದೇ ಭಾಗ ಬೇರೆ ಮಾಡಿ ನೋಡಿ. ಸೂಜಿ ತೆಗೆಯಿರಿ. ಬಾಬಿನ್ ಕೇಸ್ ತೆಗೆಯಿರಿ. ಶಟಲ್ ಹೊರಗೆ ತೆಗೆದು ಅದರ ಗುಂಡಿಯಲ್ಲಿ ನೋಡಿ. ಎಷ್ಟೋ ಸಲ ಒಂದು ಸಣ್ಣ ದಾರದ ತುಂಡು ಅಲ್ಲಿ ಸಿಕ್ಕಿ ಇಡೀ ಮಷಿನ್ ನಿಂತಿರುತ್ತದೆ. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಪಟ್ಟಿಯ ಕೆಳಗೆ ದಾರದ ಧೂಳು ಒತ್ತಿ ಒತ್ತಿ ಕಂಬಳಿಯಷ್ಟು ಗಟ್ಟಿಯಾಗಿರುತ್ತದೆ. ಮೇಲಿನ ತಗಡು ಬಿಚ್ಚಿ ಅದನ್ನು ತೆಗೆಯಿರಿ.

ತಲೆಯನ್ನು ಹಿಂದಕ್ಕೆ ಮಗುಚುವ ಮುಂಚೆ ಒಂದು ಎಚ್ಚರ. ಟೇಬಲ್ಲಿಗೆ ಅದನ್ನು ಹಿಡಿದಿರುವುದು ಹಿಂದಿನ ಎರಡು ಕೀಲು. ಆ ಕೀಲುಗಳನ್ನು ತಲೆಗೆ ಬಿಗಿದಿರುವುದು ಕೆಳಗಿನ ಎರಡು ಸಣ್ಣ ಸ್ಕ್ರೂ. ಅವು ಸಡಿಲ ಇದ್ದರೆ ಮಗುಚಿದ ತಕ್ಷಣ ತಲೆ ಕಳಚಿ ನೆಲಕ್ಕೆ ಬೀಳುತ್ತದೆ. ಹತ್ತು ಕಿಲೋಗಿಂತ ಜಾಸ್ತಿ ತೂಕದ ಎರಕದ ಕಬ್ಬಿಣ. ಎರಕ ಬಗ್ಗುವುದಿಲ್ಲ, ಒಡೆಯುತ್ತದೆ. ನೆಲ ನಮ್ಮ ಶಹಾಬಾದಿ ಫರಸಿ ಆಗಿದ್ದರೆ ಕೇಳುವುದೇ ಬೇಡ. ಒಡೆದ ಎರಕಕ್ಕೆ ಸಾದಾ ವೆಲ್ಡಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಹಿತ್ತಾಳೆ ಬೆಸುಗೆ ಹಾಕುವ ಕುಶಲ ಕೈ ಸಿಕ್ಕರೆ ಪುಣ್ಯ.

ಎಣ್ಣೆಯ ಮಾತಿಗೆ ಬಂದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯ ಮಷಿನ್‌ಗಳು ಸವೆದು ಸಾಯುವುದಕ್ಕಿಂತ ತಪ್ಪು ಎಣ್ಣೆಯಿಂದ ಸಾಯುವುದೇ ಜಾಸ್ತಿ. ಮನೆಯಲ್ಲಿ ಕೈಗೆ ಸಿಗುವುದು ಅಡುಗೆ ಎಣ್ಣೆ. ಕುಸುಬಿ ಎಣ್ಣೆ, ಶೇಂಗಾ ಎಣ್ಣೆ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪದರ ಕಟ್ಟುವ ಜಾತಿಯದು. ಅಗಸೆ ಎಣ್ಣೆ ಅದಕ್ಕಿಂತ ಬೇಗ ಒಣಗುತ್ತದೆ, ಅದಕ್ಕೇ ಅದನ್ನು ಬಣ್ಣಕ್ಕೆ, ಮರಕ್ಕೆ ಬಳಸುತ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೀದರ್‌ನ ಚಳಿಗಾಲದ ಬೆಳಗ್ಗೆ ಮಷಿನ್ ಯಾಕೆ ಅಲುಗುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ? ವರ್ಷ ಕಳೆದ ಹಾಗೆ ಈ ಎಣ್ಣೆಗಳು ಧೂಳಿನ ಜೊತೆ ಸೇರಿ ಅಂಟಾಗುತ್ತವೆ.

ಬೇಕಾಗಿರುವುದು ಹೊಲಿಗೆ ಮಷಿನ್ ಎಣ್ಣೆ ಅಂತಲೇ ಸಿಗುವ ತೆಳು ಬಿಳಿ ಎಣ್ಣೆ. ನೀರಿನಷ್ಟು ತಿಳಿಯಾಗಿರುತ್ತದೆ, ವಾಸನೆ ಬರುವುದಿಲ್ಲ, ಖನಿಜ ಎಣ್ಣೆ ಅದು. ಗಾಡಿ ಎಂಜಿನ್ ಎಣ್ಣೆ ಬೇಡ, ಗ್ರೀಸ್ ಬೇಡ. ಒಂದು ತೂತಿಗೆ ಒಂದು ಹನಿ. ಮೇಲಿನ ತೂತುಗಳು, ಎಡಗಡೆ ಮುಖದ ತಗಡು ತೆಗೆದರೆ ಕಾಣುವ ಸೂಜಿ ಕಂಬಿ, ಶಟಲ್ ಆಡುವ ಗುಂಡಿಯ ಅಂಚು, ಕೆಳಗೆ ಒಂದಕ್ಕೊಂದು ಉಜ್ಜುವ ಎಲ್ಲ ಜಾಗ. ಲೋಹ ಲೋಹಕ್ಕೆ ತಾಗುವ ಕಡೆಯೆಲ್ಲ ಒಂದು ಹನಿ ಅಂತ ನೆನಪಿಟ್ಟುಕೊಂಡರೆ ಪುಸ್ತಕವೇ ಬೇಡ. ದಿನವೂ ಹೊಲಿಯುವ ಟೈಲರ್ ಆದರೆ ದಿನಕ್ಕೊಮ್ಮೆ. ಎಣ್ಣೆ ಬಿಟ್ಟ ಮೇಲೆ ಹಳೆ ಬಟ್ಟೆಯ ಮೇಲೆ ಹತ್ತು ಸಾಲು ಹೊಲಿಯಿರಿ. ಇಲ್ಲದಿದ್ದರೆ ಗಿರಾಕಿಯ ಬಿಳಿ ಅಂಗಿಯ ಮೇಲೆ ಕಲೆ ಬೀಳುತ್ತದೆ.

ಪೂರ್ತಿ ಹಿಡಿದುಕೊಂಡ ಮಷಿನ್ ಆದರೆ? ಚಿಂಚೋಳಿ ಕಡೆಯ ಒಂದು ಮನೆಯಿಂದ ಉಷಾ ಮಷಿನ್ ಬಂದಿತ್ತು. ಅತ್ತೆಯವರು ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ. ಸೊಸೆ ಬ್ಲೌಸ್ ಹೊಲಿಯುವುದು ಕಲಿತಿದ್ದಳು, ಹೊಸದು ಕೊಳ್ಳಲು ದುಡ್ಡಿರಲಿಲ್ಲ. ಚಕ್ರ ಕಲ್ಲಿನ ಹಾಗೆ ನಿಂತಿತ್ತು. ಅವಳ ಗಂಡ ಸುತ್ತಿಗೆ ಹಿಡಿದೇ ಬಂದಿದ್ದ. ಸುತ್ತಿಗೆ ಪಕ್ಕಕ್ಕೆ ಇಡಪ್ಪ ಅಂದೆ.

ಎಲ್ಲ ತೂತುಗಳಿಗೆ, ಎಲ್ಲ ಸಂದುಗಳಿಗೆ ಸೀಮೆಎಣ್ಣೆ ಹನಿ ಹನಿ ಬಿಟ್ಟು ರಾತ್ರಿಯಿಡೀ ಬಿಟ್ಟೆವು. ಒಲೆ, ಬೀಡಿ ಹತ್ತಿರ ಬರದ ಹಾಗೆ, ಕಿಟಕಿ ತೆರೆದು. ಬೆಳಗ್ಗೆ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿದೆವು. ಕೂದಲೆಳೆಯಷ್ಟು ಅಲುಗಿತು. ಅಷ್ಟು ಅಲುಗಿದರೆ ಗೆದ್ದ ಹಾಗೆ. ಮತ್ತೆ ಸೀಮೆಎಣ್ಣೆ, ಮತ್ತೆ ಅಲುಗಿಸುವುದು. ಒಂದು ಜಾಗ ಮಾತ್ರ ಜಗ್ಗಲಿಲ್ಲ, ಸೂಜಿ ಕಂಬಿ. ಅಲ್ಲಿಗೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಗಾಳಿ ಕೊಟ್ಟೆವು. ಹಳೆ ಎಣ್ಣೆ ಕರಗಿ ಕಂದು ಬಣ್ಣದ ನೀರಾಗಿ ಇಳಿಯಿತು. ಸಂಜೆಗೆ ಚಕ್ರ ಸುತ್ತಿತು. ಕೊನೆಗೆ ಒಂದು ಕೆಲಸ ಮರೆಯಬಾರದು. ಸೀಮೆಎಣ್ಣೆ ತೊಳೆಯುತ್ತದೆ, ನುಣುಪು ಉಳಿಸುವುದಿಲ್ಲ. ಎಲ್ಲ ಒರೆಸಿ ಮತ್ತೆ ಮಷಿನ್ ಎಣ್ಣೆ ಬಿಡಲೇಬೇಕು. ಆ ಸೊಸೆ ಈಗ ತನ್ನ ಓಣಿಯ ಬ್ಲೌಸ್‌ಗಳನ್ನೆಲ್ಲ ಅದರಲ್ಲೇ ಹೊಲಿಯುತ್ತಾಳೆ. ಕರೆಂಟ್ ಹೋದರೂ ಅವಳ ಕೆಲಸ ನಿಲ್ಲುವುದಿಲ್ಲ.

ಗಾಂಧೀಜಿ ಯಂತ್ರಗಳ ಬಗ್ಗೆ ಎಷ್ಟು ಕಟುವಾಗಿ ಮಾತಾಡಿದ್ದರು ಅಂತ ಗೊತ್ತಲ್ಲ. ಅವರೇ 1924ರಲ್ಲಿ ಒಂದು ಮಾತುಕತೆಯಲ್ಲಿ ಸಿಂಗರ್ ಹೊಲಿಗೆ ಮಷಿನ್‌ಗೆ ವಿನಾಯಿತಿ ಕೊಟ್ಟರು. ಚಿಂಚೋಳಿಯ ಆ ಹುಡುಗಿಯನ್ನು ನೋಡಿದಾಗ ಅದು ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಅವಳ ಕಾಲು, ಅವಳ ಕೈ, ಅವಳ ಹೊತ್ತು. ಮಷಿನ್ ಅವಳದು.

ಈಗ ಹೊರಗಿನ ಚಂದದ ವಿಷಯ. ಹಳೆ ಮಷಿನ್‌ನ ಕಪ್ಪು ಅನ್ನುವುದು ಸಾದಾ ಪೇಂಟ್ ಅಲ್ಲ. ಡಾಂಬರಿನ ಜಾತಿಯ ವಾರ್ನಿಶ್ ಬಳಿದು ಭಟ್ಟಿಯಲ್ಲಿ ಬೇಯಿಸಿ ಮಾಡಿದ್ದು. ಅದರ ಮೇಲೆ ಚಿನ್ನದ ಬಣ್ಣದ ಚಿತ್ರ, ಅದರ ಮೇಲೆ ತೆಳ್ಳಗೆ ಅರಗಿನ ಪದರ. ಆ ಪದರ ಇರುವವರೆಗೆ ಚಿತ್ರ ಇರುತ್ತದೆ. ಅರಗು ಸ್ಪಿರಿಟ್‌ಗೆ ಕರಗುತ್ತದೆ. ಅದಕ್ಕೇ ತಲೆಯ ಮೇಲೆ ಸ್ಪಿರಿಟ್, ಥಿನ್ನರ್, ಗಾಜು ಒರೆಸುವ ನೀಲಿ ನೀರು, ಪಾತ್ರೆ ತೊಳೆಯುವ ಪುಡಿ ಯಾವುದೂ ಬೇಡ. ಒಂದೇ ಸಲ ಉಜ್ಜಿದರೆ ನೂರು ವರ್ಷದ ಚಿತ್ರ ಬಟ್ಟೆಗೆ ಬಂದುಬಿಡುತ್ತದೆ, ಮತ್ತೆ ತರಲಾಗುವುದಿಲ್ಲ.

ಬೀದರ್‌ನವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ. ಕೋಟೆಯ ಮಣ್ಣಿನಲ್ಲಿ ಕಪ್ಪಾದ ಬಿದರಿ ಪಾತ್ರೆಯನ್ನು ಯಾರಾದರೂ ಹುಣಸೆಹಣ್ಣು ಹಾಕಿ ತಿಕ್ಕುತ್ತಾರಾ? ಮೃದು ಬಟ್ಟೆಯಿಂದ ಒರೆಸುತ್ತಾರೆ. ಇದೂ ಹಾಗೆಯೇ. ಮಷಿನ್ ಎಣ್ಣೆಯನ್ನೇ ಹತ್ತಿಗೆ ಹಾಕಿ, ಮೊದಲು ಕಾಣದ ಒಂದು ಮೂಲೆಯಲ್ಲಿ ಮೆಲ್ಲಗೆ ಒರೆಸಿ ನೋಡಿ. ಹತ್ತಿಯಲ್ಲಿ ಕಂದು ಕೊಳೆ ಬಂದರೆ ಮುಂದುವರಿಸಿ. ಚಿನ್ನದ ಚುಕ್ಕೆ ಬಂದರೆ ಅಲ್ಲೇ ನಿಲ್ಲಿಸಿ. ಸಹನೆ ಬೇಕು. ಒಂದು ಸಂಜೆಯಲ್ಲಿ ಮುಗಿಯುವುದಿಲ್ಲ. ಸೂಜಿಯ ಮುಂದೆ ಕಪ್ಪು ಸವೆದಿರುತ್ತದಲ್ಲ, ಬಟ್ಟೆ ತಳ್ಳುವ ಕೈ ಆಡಿದ ಜಾಗ, ಅದು ಹಾಗೇ ಇರಲಿ. ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ, ಅಷ್ಟೇ ಸಾಕು. ಕೊಳ್ಳಲು ಹೋದಾಗಲೂ ಇದೇ ಗುರುತು ನೋಡಿ. ಎಲ್ಲ ಕಡೆ ಒಂದೇ ಸಮ ಹೊಳಪು, ಸ್ಕ್ರೂ ತಲೆಯಲ್ಲಿ ಬಣ್ಣ ಇದ್ದರೆ ಅದು ಮೇಕಪ್ ಮಾಡಿದ್ದು. ಹೊಳಪಿಗೆ ಕೊಡುವ ದುಡ್ಡು ದಂಡ.

ಹೊಲಿಗೆಯ ದೋಷಗಳ ಬಗ್ಗೆ ಟೈಲರ್‌ಗಳಿಗೆ ಗೊತ್ತೇ ಇದೆ, ಕಲಿಯುವವರಿಗಾಗಿ ಬೇಗ ಹೇಳಿ ಮುಂದೆ ಹೋಗುತ್ತೇನೆ. ಬಟ್ಟೆಯ ಕೆಳಗೆ ದಾರ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ ಬೈಯುತ್ತಾರೆ. ತಪ್ಪು ಮೇಲಿನ ದಾರದಲ್ಲಿರುತ್ತದೆ. ದಾರವನ್ನು ಬಿಗಿ ಹಿಡಿಯುವ ಟೆನ್ಶನ್ ಬಿಲ್ಲೆಗಳ ನಡುವೆ ದಾರ ಕೂತಿರುವುದಿಲ್ಲ, ಅಥವಾ ಅಲ್ಲಿ ಕಸ ಸಿಕ್ಕಿರುತ್ತದೆ. 15ನೇ ಕ್ಲಾಸ್ ಮಷಿನ್‌ನಲ್ಲಿ ಬಟ್ಟೆ ಒತ್ತಿ ಹಿಡಿಯುವ ಪಾದ ಎತ್ತಿಯೇ ದಾರ ಹಾಕಿ, ಆಗ ಬಿಲ್ಲೆ ಸಡಿಲ ಇರುತ್ತದೆ. ಹೊಲಿಗೆ ತಪ್ಪಿ ತಪ್ಪಿ ಬಿದ್ದರೆ ಮೊದಲು ಹೊಸ ಸೂಜಿ ಹಾಕಿ. ಸೂಜಿಯ ಒಂದು ಬದಿ ಉದ್ದ ಗೀರು ಇರುತ್ತದೆ, ದಾರ ಆ ಬದಿಯಿಂದಲೇ ಒಳಗೆ ಹೋಗಬೇಕು. ಚಪ್ಪಟೆ ಬದಿ ಶಟಲ್ ಕಡೆಗೆ. ಹತ್ತಿ ಬ್ಲೌಸಿಗೆ 14ನೇ ನಂಬರ್, ಜೀನ್ಸ್‌ಗೆ 16 ಅಥವಾ 18. ಸೂಜಿ ಸರಿ ಇದ್ದೂ ಹೊಲಿಗೆ ತಪ್ಪಿದರೆ ಟೈಮಿಂಗ್ ನೋಡಬೇಕು. ಸೂಜಿ ತೀರಾ ಕೆಳಗೆ ಹೋಗಿ ಸುಮಾರು ಎರಡು ಮಿಲಿಮೀಟರ್ ಮೇಲೆ ಬರುವಾಗ ಶಟಲ್ಲಿನ ಮೂತಿ ಸೂಜಿಯ ಹಿಂದೆ ಬಂದಿರಬೇಕು. ಆಗ ಉಬ್ಬಿದ ದಾರದ ಕುಣಿಕೆ ಅದಕ್ಕೆ ಸಿಗುತ್ತದೆ.

ಇನ್ನೊಂದು ಸಣ್ಣದು. ಬಾಬಿನ್ ಸುತ್ತುವಾಗ ಸೂಜಿ ನಿಲ್ಲಲಿ ಅಂತ ಕೈಚಕ್ರದ ನಡುವಿನ ದೊಡ್ಡ ಸ್ಕ್ರೂ ಸಡಿಲ ಮಾಡುತ್ತೇವೆ. ಯಾರಾದರೂ ಅದನ್ನು ಪೂರ್ತಿ ಬಿಚ್ಚಿ ಸೇರಿಸಿದ ಮೇಲೆ ಅದು ಕೆಲಸ ಮಾಡದೆ ಹೋದರೆ, ಒಳಗಿನ ಮೂರು ಕಿವಿಯ ವಾಶರ್ ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿ. ಸರಿ ಹೋಗುತ್ತದೆ. ಇದು ಗೊತ್ತಿಲ್ಲದೆ ಮಷಿನ್ ಕೆಟ್ಟಿತು ಅಂತ ಮೂಲೆಗೆ ಇಟ್ಟವರಿದ್ದಾರೆ.

ಬಡಗಿಗಳೇ, ಈಗ ನಿಮ್ಮ ಕಡೆ ಬಂದೆ. ನನಗೆ ಅನಿಸುವ ಪ್ರಕಾರ ಮಷಿನ್ ರಿಪೇರಿಗಿಂತ ಟೇಬಲ್ ರಿಪೇರಿಯೇ ಕಷ್ಟದ್ದು. ತಲೆಗೆ ಸಾಮಾನು ಪೇಟೆಯಲ್ಲಿ ಸಿಗುತ್ತದೆ. ಟೇಬಲ್ಲಿನ ಸಾಮಾನು ನಿಮ್ಮ ಕೈಯಲ್ಲೇ ಹುಟ್ಟಬೇಕು. ಹಳೆ ಟೇಬಲ್ ನೋಡಿ ಇದು ಇಡೀ ಸಾಗವಾನಿ ಅಂತ ರಂಧಾ ಹಾಕಿ ಹೆರೆಯಲು ಹೋಗಬೇಡಿ. ಬಹಳಷ್ಟು ಟೇಬಲ್‌ಗಳ ಮೇಲಿರುವುದು ವೆನೀರ್, ಅಂದರೆ ಅಂಟಿಸಿದ ತೆಳು ಮರದ ಹಾಳೆ, ಒಂದು ಮಿಲಿಮೀಟರ್ ದಪ್ಪ ಕೂಡ ಇರುವುದಿಲ್ಲ. ತಿಕ್ಕುವ ಮಷಿನ್ ಹಚ್ಚಿದರೆ ಕೆಳಗಿನ ಹಲಗೆ ಬಂದುಬಿಡುತ್ತದೆ.

ನಮ್ಮ ಬಿಸಿಲು ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ. ಗಾಳಿಯಲ್ಲಿ ತೇವ ಇರುವುದಿಲ್ಲ. ಮರ ಕುಗ್ಗುತ್ತದೆ. ಮಳೆಗಾಲಕ್ಕೆ ಮತ್ತೆ ಹಿಗ್ಗುತ್ತದೆ. ಹೀಗೆ ವರ್ಷ ವರ್ಷ ಆಗಿ ವೆನೀರ್ ಅಂಚಿನಲ್ಲಿ ಬಿಡುತ್ತದೆ, ಉಬ್ಬುತ್ತದೆ. ಹಳೆ ಟೇಬಲ್ ಆದರೆ ಅದರ ಅಂಟು ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ್ದಾಗಿರಬಹುದು. ಆ ಅಂಟಿಗೆ ಒಂದು ದೊಡ್ಡ ಗುಣ ಇದೆ. ಬಿಸಿ ಮತ್ತು ತೇವ ಕೊಟ್ಟರೆ ಮತ್ತೆ ಮೆತ್ತಗಾಗುತ್ತದೆ. ಉಬ್ಬಿದ ಜಾಗದ ಮೇಲೆ ಹಿಂಡಿದ ಒದ್ದೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಹದವಾಗಿ ಕಾಯಿಸಿ ಒತ್ತಿ. ಕೂತರೆ ತಕ್ಷಣ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಭಾರ ಇಡಿ. ನಾನು ಶಹಾಬಾದ್ ಕಲ್ಲಿನ ಸಣ್ಣ ತುಂಡು ಇಡುತ್ತೇನೆ, ಚಪ್ಪಟೆಯಾಗಿ ಸರಿಯಾಗಿ ಒತ್ತುತ್ತದೆ. ಒಂದು ರಾತ್ರಿ ಬಿಡಿ. ಅಂಟು ಪೂರ್ತಿ ಪುಡಿಯಾಗಿ ಹೋಗಿದ್ದರೆ ಮಾತ್ರ ಸಿರಿಂಜಿನಲ್ಲಿ ಹೊಸ ಬಿಳಿ ಅಂಟು ತೂರಿಸಿ.

ಪಾಲಿಶ್ ಹೇಗೆ? ಕಾಣದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಇಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಹಾಗಿದ್ದರೆ ಕೆರೆಯುವ ಕೆಲಸವೇ ಇಲ್ಲ. ಮೊದಲು ಕೊಳೆ ಒರೆಸಿ. ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ತೆಳ್ಳಗೆ ಹಾಕಿ ಕೈ ನಿಲ್ಲಿಸದೆ ಸವರುತ್ತಾ ಹೋಗಿ. ಹಳೆ ಪದರ ಕರಗಿ ಹೊಸದರ ಜೊತೆ ಸೇರುತ್ತದೆ. ನೀರಿನ ಲೋಟ ಇಟ್ಟು ಬಿಳಿ ಉಂಗುರ ಆಗಿರುತ್ತದಲ್ಲ, ಅದೂ ಬಹಳ ಸಲ ಇದರಲ್ಲೇ ಹೋಗುತ್ತದೆ. ಆದರೆ ಈ ಕೆಲಸಕ್ಕೆ ಮುಂಚೆ ತಲೆಯನ್ನು ಕಳಚಿ ಬೇರೆ ಕೋಣೆಯಲ್ಲಿ ಇಡಿ. ಮರಕ್ಕೆ ಅಮೃತ ಆದ ಸ್ಪಿರಿಟ್ ಮಷಿನ್‌ನ ಚಿತ್ರಕ್ಕೆ ವಿಷ.

ಹುಳು, ಗೆದ್ದಲು ಬೇರೆ ಬೇರೆ. ಟೇಬಲ್ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒರೆಸಿ ಕಪ್ಪು ಕಾಗದ ಹಾಸಿ. ವಾರದಲ್ಲಿ ಮತ್ತೆ ಪುಡಿ ಬಿದ್ದರೆ ಒಳಗೆ ಹುಳು ಜೀವಂತ ಇದೆ. ಬೀಳದಿದ್ದರೆ ಹಳೆ ತೂತು ಅಷ್ಟೇ, ಮೇಣ ತುಂಬಿ ಬಿಡಿ. ಜೀವಂತ ಇದ್ದರೆ ಮರದ ಹುಳುವಿನ ಮದ್ದು ತಂದು, ಕೈಗೆ ಗ್ಲೌಸ್ ಹಾಕಿ, ಬಣ್ಣ ಇಲ್ಲದ ಕೆಳಭಾಗದಿಂದ ಕುಡಿಸಿ. ಗೆದ್ದಲು ಬರುವುದು ಗೋಡೆಯಿಂದ. ಟೇಬಲ್ಲನ್ನು ಗೋಡೆಗೆ ಒತ್ತಿ ಇಡಬೇಡಿ, ಒಂದು ಗೇಣು ಜಾಗ ಬಿಡಿ. ಡ್ರಾಯರ್ ಬಿಗಿಯಾದರೆ ರಂಧಾ ಎತ್ತಿಕೊಳ್ಳುವ ಮೊದಲು ಮೇಣದ ಬತ್ತಿ ಉಜ್ಜಿ ನೋಡಿ. ಮಳೆಗಾಲದಲ್ಲಿ ಕೆತ್ತಿದ ಡ್ರಾಯರ್ ಬೇಸಿಗೆಯಲ್ಲಿ ಗಡಗಡ ಅನ್ನುತ್ತದೆ.

ಮೇಲಿನ ಡಬ್ಬಿಯ ಹಿಡಿ ಹಿಡಿದು ಕೈ ಮಷಿನ್ ಎತ್ತಬೇಡಿ. ಬೀಗದ ಕೊಂಡಿ ನೂರು ವರ್ಷದ್ದು. ಯಾವಾಗಲೂ ಕೆಳಗಿನ ಮರದ ಪೀಠಕ್ಕೆ ಕೈ ಕೊಟ್ಟು ಎತ್ತಿ.

ಕಬ್ಬಿಣದ ಸ್ಟ್ಯಾಂಡಿನ ಕಾಲಿನ ತುಕ್ಕಿಗೆ ಕಾರಣ ನಮ್ಮ ಫರಸಿ ನೆಲ ತೊಳೆಯುವ ರೂಢಿ. ಕೊಡದಲ್ಲಿ ನೀರು ಸುರಿದು ಪೊರಕೆ ಹಾಕುತ್ತೇವೆ, ನೀರು ಚಕ್ರದ ಸಂದಿನಲ್ಲಿ ನಿಲ್ಲುತ್ತದೆ. ನಾಲ್ಕು ಕಾಲಿನ ಕೆಳಗೆ ರಬ್ಬರ್ ತುಂಡು ಇಡಿ. ಫರಸಿ ಸಮ ಇಲ್ಲದ ಕಡೆ ಅದರಿಂದ ಅಲುಗಾಟವೂ ನಿಲ್ಲುತ್ತದೆ. ಇಡೀ ಮಷಿನ್ ಬಿಚ್ಚಿ ಒರೆಸಿ ಎಣ್ಣೆ ಬಿಡುವ ದೊಡ್ಡ ಸರ್ವಿಸ್ ವರ್ಷಕ್ಕೊಮ್ಮೆ ಸಾಕು. ಟೈಲರ್‌ಗಳು ಅದನ್ನು ಸಂಕ್ರಾಂತಿ ಹೊತ್ತಿಗೆ ಮುಗಿಸಿಕೊಳ್ಳಿ. ಶರಣಬಸವೇಶ್ವರ ಜಾತ್ರೆ, ಯುಗಾದಿಯ ಬಟ್ಟೆ ರಾಶಿ ಬಿದ್ದ ಮೇಲೆ ನಿಮಗೆ ಉಸಿರಾಡಲೂ ಹೊತ್ತಿರುವುದಿಲ್ಲ. ಆಗ ಮಷಿನ್ ತಂದು ನಾಳೆಗೆ ಕೊಡಿ ಅಂದರೆ ನಾನೂ ಏನು ಮಾಡಲಿ?

ಅಲ್ಲಿ ಹಿಂದೆ ಕೂತವರು ಕೇಳುತ್ತಿದ್ದಾರೆ, ಹಳೆ ಮಷಿನ್‌ಗೆ ಮೋಟಾರ್ ಹಾಕಬಹುದಾ ಅಂತ. ಹಾಕಬಹುದು. ಮಂಡಿ ನೋವು ಇರುವವರು ಹಾಕಿಕೊಳ್ಳಲೇಬೇಕು, ಅದರಲ್ಲಿ ಸಂಕೋಚ ಬೇಡ. ಆದರೆ ಮೋಟಾರ್ ಕೂರಿಸಲು ಎರಕಕ್ಕೆ ಹೊಸ ತೂತು ಕೊರೆಯಬೇಡಿ. ಕಂಬದ ಹಿಂದೆ ಅದಕ್ಕೆ ಅಂತಲೇ ಸ್ಕ್ರೂ ತೂತಿನ ಉಬ್ಬು ಇದೆಯಾ ನೋಡಿ, ಬಹಳ ಮಷಿನ್‌ಗಳಲ್ಲಿ ಇರುತ್ತದೆ. ಮೋಟಾರಿನ ಬೆಲ್ಟೂ ಬಿಗಿ ಬೇಡ. ವೇಗ ಜಾಸ್ತಿ ಆದಷ್ಟೂ ಎಣ್ಣೆ ಬೇಗ ಬೇಗ ಬೇಕು. ಚರ್ಮದ ಬೆಲ್ಟನ್ನು ಸುತ್ತಿ ಡ್ರಾಯರ್‌ನಲ್ಲಿ ಇಡಿ, ಪೆಡಲ್ ಬಿಚ್ಚಬೇಡಿ. ಕರೆಂಟ್ ಹೋದ ದಿನ ಮತ್ತೆ ಹಾಕಿಕೊಳ್ಳಬಹುದು. ಯಾರ ಮನೆಯಲ್ಲಾದರೂ ಹುಟ್ಟಿದಾಗಲೇ ಮೋಟಾರ್ ಇದ್ದ ಹಳೆ ಸಿಂಗರ್ ಇದ್ದರೆ, ಅದರ ವೈರಿನ ಮೇಲಿನ ರಬ್ಬರ್ ಒಣಗಿ ಉದುರುತ್ತಿರುತ್ತದೆ. ಮುಟ್ಟಿದರೆ ಪುಡಿಯಾಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಪೂರ್ತಿ ಹೊಸ ವೈರ್ ಎಳೆಸಿ. ಅಲ್ಲಿಯವರೆಗೆ ಒಂದು ನಿಮಿಷ ನೋಡೋಣ ಅಂತ ಕೂಡ ಪ್ಲಗ್ ಹಾಕಬೇಡಿ. ಕೈಚಕ್ರ ತಿರುಗಿಸಿಯೇ ಹೊಲಿಗೆ ಬೀಳುತ್ತದಾ ನೋಡಬಹುದು.